ಟರ್ಬೊ ಆಯಿಲ್ ಪೈಪಿಗೆ ಟೇಪ್ ಸುತ್ತಬಹುದಾ?

ಪ್ರಶ್ನೆ: ಕೊಬ್ಬರಿ ಸಾಗಿಸುವ ನನ್ನ ಹಳೇ ಡೀಸೆಲ್ ಪಿಕಪ್‌ಗೆ ಹೊರಗಿನ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಹಾಕಿಸಿದೆ. ಅದಕ್ಕೆ ಆಯಿಲ್ ಬರುವ ಪೈಪಿನ ಬೋಲ್ಟ್ ಹತ್ತಿರ ಒಸರುತ್ತಿದೆ. ಟೆಫ್ಲಾನ್ ಟೇಪ್ ಸುತ್ತಿದರೂ ನಿಲ್ಲಲಿಲ್ಲ. ಇನ್ನೂ ಜಾಸ್ತಿ ಸುತ್ತಬೇಕಾ, ಸಿಲಿಕಾನ್ ಪೇಸ್ಟ್ ಬಳಿಯಬೇಕಾ?
– ಓದುಗರು, ತಿಪಟೂರು

ಉತ್ತರ: ಎರಡೂ ಬೇಡ. ಮೊದಲು ಗಾಡಿ ಸ್ಟಾರ್ಟ್ ಮಾಡೋದು ನಿಲ್ಲಿಸಿ, ಆ ಟೇಪ್ ತೆಗೆಸಿ.

ನಿಮ್ಮದು ಬ್ಯಾಂಜೊ ಬೋಲ್ಟ್ ಇರಬೇಕು. ನಡುವೆ ತೂತಿರುವ ಬೋಲ್ಟು, ಅದರ ಸುತ್ತ ಉಂಗುರದಂಥ ಪೈಪಿನ ತುದಿ. ಅಲ್ಲಿ ಆಯಿಲ್ ತಡೆಯುವುದು ಥ್ರೆಡ್ ಅಲ್ಲ, ಉಂಗುರದ ಆ ಕಡೆ ಒಂದು ಈ ಕಡೆ ಒಂದು ಕೂರುವ ತಾಮ್ರದ ವಾಶರ್. ಬೋಲ್ಟ್ ಬಿಗಿದಾಗ ತಾಮ್ರ ಅಮುಕಿಕೊಂಡು ಸಂದು ಮುಚ್ಚುತ್ತದೆ. ನೀವು ಥ್ರೆಡ್ಡಿಗೆ ಎಷ್ಟು ಸುತ್ತು ಟೇಪ್ ಹಾಕಿದರೂ ಸೋರುವ ಜಾಗ ಹಾಗೇ ಉಳಿಯುತ್ತದೆ, ಅಲ್ವಾ? ಎರಡೂ ಹೊಸ ವಾಶರ್ ಹಾಕಿಸಿ. ವಾಶರ್ ಕೂರುವ ಮುಖವನ್ನು ಉಗುರಿನಿಂದ ಸವರಿ ನೋಡಿ. ಗೀರು ಉಗುರಿಗೆ ಸಿಕ್ಕರೆ ಸೋರುವುದು ಅಲ್ಲಿಂದಲೇ.

ಸೋರುವುದಕ್ಕಿಂತ ಆ ಟೇಪಿನ ಭಯವೇ ನನಗೆ ಜಾಸ್ತಿ. ಒಮ್ಮೆ ನನ್ನ ಗ್ಯಾರೇಜಿಗೆ ಟರ್ಬೊ ಜಾಮ್ ಆದ ಗಾಡಿ ಬಂತು. ಹಾಕಿಸಿ ತಿಂಗಳೂ ಆಗಿರಲಿಲ್ಲ. ಆಯಿಲ್ ಒಳಹೋಗುವ ತೂತಿಗೆ ಟಾರ್ಚ್ ಬಿಟ್ಟರೆ ಬಿಳಿ ಎಳೆಯೊಂದು ಕಂಡಿತು. ಚಿಮಟದಲ್ಲಿ ಎಳೆದೆ. ಅಕ್ಕಿಕಾಳಿನಷ್ಟು ಉದ್ದದ ಟೇಪಿನ ಚೂರು. ಒಳಗೆ ಶಾಫ್ಟ್ ಕಾದು ನೀಲಿ ಬಣ್ಣಕ್ಕೆ ತಿರುಗಿತ್ತು. ಟರ್ಬೊ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ, ಅದೂ ಆಯಿಲಿನ ತೆಳು ಪದರದ ಮೇಲೆ ತೇಲಿಕೊಂಡು. ಆಯಿಲ್ ದಾರಿ ಕಟ್ಟಿದರೆ ಉಳಿಗಾಲವಿಲ್ಲ. ಆದ್ದರಿಂದ ಪೈಪ್ ಬಿಚ್ಚಿಸಿ, ಗಾಳಿ ಹೊಡೆಸಿ, ಟರ್ಬೊ ತೂತಿನಲ್ಲಿ ಚೂರು ಉಳಿದಿಲ್ಲ ಎಂದು ಕಣ್ಣಾರೆ ನೋಡಿ.

ಇಂಜಿನ್ ಕಡೆ, ಆಯಿಲ್ ಪ್ರೆಶರ್ ಸ್ವಿಚ್ ಜಾಗದಲ್ಲಿ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಆಯಿಲ್ ಎಳೆದಿದ್ದರೆ ಅಲ್ಲಿ ಸಾಮಾನ್ಯವಾಗಿ ಕೋನ್ ಥ್ರೆಡ್, ಅಂದರೆ ತುದಿಗೆ ಹೋದಂತೆ ಸಣ್ಣಗಾಗುವ ಥ್ರೆಡ್, ಇರುತ್ತದೆ. ಅದಕ್ಕೆ ಮಾತ್ರ ಆಯಿಲ್ ತಡೆಯುವ ಥ್ರೆಡ್ ಸೀಲೆಂಟ್ ಬೇಕು. ತುದಿಯ ಎರಡು ಸುತ್ತು ಬಿಟ್ಟು ತೆಳುವಾಗಿ ಹಚ್ಚಿಸಿ.

ಕೆಳಗಿನ ರಿಟರ್ನ್ ಪೈಪಿಗೆ ಗ್ಯಾಸ್ಕೆಟ್ ಸಾಕು. ಆಯಿಲ್ ಅಲ್ಲಿ ತನ್ನ ಭಾರಕ್ಕೆ ತಾನೇ ಇಳಿಯಬೇಕು, ತಳ್ಳುವ ಪ್ರೆಶರ್ ಇಲ್ಲ. ಸಿಲಿಕಾನ್ ಬಳಿದರೆ ಬಿಗಿದಾಗ ಒಳಕ್ಕೂ ಉಬ್ಬಿ ದಾರಿ ಕಿರಿದಾಗುತ್ತದೆ. ಇಳಿಯಲಾಗದ ಆಯಿಲ್ ಟರ್ಬೊ ಒಳಗಿನ ಸೀಲನ್ನು ದಾಟಿ ಉರಿದು, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಆಮೇಲೆ ಸುಮ್ನೆ ಹೊಸ ಟರ್ಬೊವನ್ನೇ ಬೈಯುತ್ತಾರೆ.

ಎಲ್ಲ ಜೋಡಿಸುವಾಗ ಟರ್ಬೊದ ಆಯಿಲ್ ತೂತಿಗೆ ಶುದ್ಧ ಆಯಿಲ್ ಹುಯ್ಯಿಸಿ, ಟರ್ಬೊ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆದು, ರಿಟರ್ನ್ ಪೈಪಿನಲ್ಲಿ ಆಯಿಲ್ ಬರುವುದು ಕಂಡ ಮೇಲೆಯೇ ಸ್ಟಾರ್ಟ್ ಮಾಡಿ.

ಪ್ರಶ್ನೆ: ಹಳೇ ತಾಮ್ರದ ವಾಶರನ್ನೇ ಮತ್ತೆ ಹಾಕಬಹುದಾ?
– ಓದುಗರು, ಶಿರಾ

ಉತ್ತರ: ಒಮ್ಮೆ ಅಮುಕಿದ ತಾಮ್ರ ಗಟ್ಟಿಯಾಗಿರುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಕರಿ ಉಜ್ಜಿ ತೆಗೆದು ಹಾಕಬಹುದು. ನಡುದಾರಿಯಲ್ಲಿ ಬೇರೆ ಗತಿ ಇಲ್ಲದಾಗ ನಾನೂ ಮಾಡಿದ್ದೇನೆ. ಅಂಗಡಿ ಹತ್ತಿರವಿದ್ದರೆ ಹೊಸದೇ ತನ್ನಿ.