ನಾಲ್ಕು ಮಿಲಿಮೀಟರಿನ ಬಲಮುರಿ?

ಪ್ರಶ್ನೆ: ಮಲ್ಪೆ ಕಡಲತೀರದಿಂದ ತಂದ ಒಂದು ಹಿಡಿ ಮರಳಿನಲ್ಲಿ ಸುಮಾರು 4 ಮಿ.ಮೀ. ಉದ್ದದ, ಗೋಪುರದಂಥ ಚಿಪ್ಪೊಂದು ಸಿಕ್ಕಿದೆ. ಮೈತುಂಬ ಮಣಿಗಳು. ಚೂಪು ತುದಿ ಮೇಲೆ ಮಾಡಿದರೆ ಬಾಯಿ ಎಡಕ್ಕೆ ಬರುತ್ತದೆ. ಇದು ಎಡಮುರಿಯೋ ಬಲಮುರಿಯೋ? ಅಪರೂಪದ್ದೇ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಪ್ರಾಣಿಶಾಸ್ತ್ರದವರು ನೋಡುವುದೂ ನೀವು ಹಿಡಿದ ಹಾಗೆಯೇ: ತುದಿ ಮೇಲೆ, ಬಾಯಿ ನಮ್ಮ ಕಡೆ. ಬಾಯಿ ಬಲಕ್ಕಿದ್ದರೆ ಬಲಸುರುಳಿ, ಎಡಕ್ಕಿದ್ದರೆ ಎಡಸುರುಳಿ. ಪೂಜೆಯ ಶಂಖವನ್ನು ನೋಡುವುದು ತಲೆಕೆಳಗಾಗಿ, ಸುರುಳಿಯ ತುದಿ ಕೆಳಗೆ, ಬಾಯಿಯ ಕೊನೆಯ ನಾಳ ಮೇಲೆ ಮಾಡಿ. ಹಾಗಾಗಿ ದೇವರಮನೆಯ ಬಲಮುರಿ, ಶಾಸ್ತ್ರದ ಲೆಕ್ಕದಲ್ಲಿ ಎಡಸುರುಳಿ! ನಿಮ್ಮದೂ ಅದೇ ದಿಕ್ಕಿನದು. ಆದರೆ ಪೂಜೆಯ ಶಂಖದ ಜಾತಿಯಲ್ಲಿ ಅದು ಅಪವಾದ, ನಿಮ್ಮದರಲ್ಲಿ ಹುಟ್ಟುಗುಣ. ಬಹುಮಟ್ಟಿಗೆ ಇದು ಟ್ರೈಫೊರಿಡೆ ಕುಟುಂಬದ್ದು. ಸ್ಪಂಜು ತಿಂದು ಬದುಕುವ ಈ ಕಡಲ ಬಸವನಹುಳುಗಳ ಚಿಪ್ಪು ಸಾಮಾನ್ಯವಾಗಿ 10 ಮಿ.ಮೀ. ದಾಟುವುದಿಲ್ಲ.

ಒಂದು ಎಚ್ಚರಿಕೆ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ ದಿಕ್ಕು ನಿರ್ಧರಿಸಬೇಡಿ, ಅದು ಕನ್ನಡಿಯಂತೆ ಎಡಬಲ ಬದಲಿಸುತ್ತದೆ. ಸೆರಿಥಿಯೊಪ್ಸಿಡೆ ಎಂಬ ಕುಟುಂಬದ ಚಿಪ್ಪುಗಳೂ ಹೀಗೇ ಪುಟ್ಟ, ಮಣಿಮಣಿ ಗೋಪುರಗಳು, ಆದರೆ ಬಲಸುರುಳಿಯವು. ಕನ್ನಡಿಯಲ್ಲಿ ಒಂದು ಇನ್ನೊಂದರಂತೆ ಕಾಣುತ್ತದೆ. ಸೂಕ್ಷ್ಮದರ್ಶಕ ಚಿತ್ರವನ್ನು ತಲೆಕೆಳಗು ಮಾಡಿದರೆ ಚಿಂತೆಯಿಲ್ಲ. ತಿರುಗಿಸಿದ ಮಾತ್ರಕ್ಕೆ ಸುರುಳಿ ಬದಲಾಗದು.

ಇನ್ನು ತುದಿ. ಅಲ್ಲಿನ ಮೊದಲ ಸುತ್ತುಗಳು ಮರಿಯಾಗಿದ್ದಾಗಿನ ಚಿಪ್ಪು. ಎಲ್ಲಿ ಕೆತ್ತನೆ ಥಟ್ಟನೆ ಬದಲಾಗುತ್ತದೋ ಅಲ್ಲಿಗೆ ಅದು ಮುಗಿಯಿತು. ಕಿರಿದಾದ ಸುತ್ತುಗಳು ಮೂರು ನಾಲ್ಕಿದ್ದರೆ ಮರಿ ಕಡಲಲ್ಲಿ ತೇಲುತ್ತ, ಸೂಕ್ಷ್ಮಜೀವಿಗಳನ್ನು ತಿಂದು ಬೆಳೆದಿದೆ. ದಪ್ಪನೆಯ ಒಂದೂವರೆ ಸುತ್ತಷ್ಟೇ ಇದ್ದರೆ ಮೊಟ್ಟೆಯ ಭಂಡಾರವೇ ಅದಕ್ಕೆ ಊಟ. ಅಲೆಗೆ ಸಿಕ್ಕು ಮೊದಲು ಸವೆಯುವುದೂ ಇದೇ ತುದಿ. ಅದು ಮುರಿದಿದ್ದರೆ ಜಾತಿ ಹೇಳುವುದು ಕಷ್ಟ. ಅಕ್ಕಸಾಲಿಗರು ಬಳಸುವ 10 ಪಟ್ಟಿನ ಮಸೂರದಲ್ಲಿ ಮಣಿಸಾಲು ಎಣಿಸಬಹುದು, ತುದಿಗೆ 40 ಪಟ್ಟಾದರೂ ಬೇಕು.

ಎತ್ತಲು ಚಿಮಟ ಬೇಡ, ಒತ್ತಿದರೆ ಚಿಮ್ಮುತ್ತದೆ ಇಲ್ಲವೇ ಪುಡಿಯಾಗುತ್ತದೆ. ಒದ್ದೆ ಮಾಡಿದ ಸಣ್ಣ ಬ್ರಷ್ಷಿನ ಮೊನೆಗೆ ಅಂಟಿಸಿಕೊಳ್ಳಿ. ಉಪ್ಪು ಬಿಡಲು ಒಂದು ದಿನ ಸಿಹಿನೀರಿನಲ್ಲಿಟ್ಟು, ಮೂರು ಸಲ ನೀರು ಬದಲಿಸಿ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಮಣಿಗಳ ಸಂದಿಯಲ್ಲಿ ಬಿಳಿ ಪದರ ಕೂರುತ್ತದೆ; ಕೊನೆಯ ಸಲಕ್ಕೆ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ನಿಂಬೆರಸ, ವಿನೆಗರ್ ಮುಟ್ಟಿಸಲೇಬೇಡಿ: ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಇಷ್ಟು ತೆಳುವಾದದ್ದು ನೋಡುತ್ತಿದ್ದಂತೆ ಕರಗುತ್ತದೆ.

ಪ್ರಶ್ನೆ: ಪ್ಲೈವುಡ್ ಡ್ರಾಯರಿನಲ್ಲಿಟ್ಟ ಚಿಪ್ಪುಗಳ ಮೇಲೆ ಬಿಳಿ ಪುಡಿ ಬಂದಿದೆ. ಬೂಷ್ಟೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಬೂಷ್ಟಲ್ಲ. ಮರ ಮತ್ತು ಅಂಟಿನಿಂದ ಹೊರಡುವ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ, ಮಳೆಗಾಲದ ತೇವದ ಜೊತೆ ಸೇರಿ ಚಿಪ್ಪನ್ನು ತಿನ್ನುತ್ತಿದೆ. ಒರೆಸಿದರೆ ಮತ್ತೆ ಬರುತ್ತದೆ. ತೊಳೆದು, ಪೂರ್ತಿ ಒಣಗಿಸಿ, ಗಾಜಿನ ಸಣ್ಣ ಶೀಶೆಗೆ ವರ್ಗಾಯಿಸಿ. ಕಾರ್ಕ್ ಬೇಡ, ಪ್ಲಾಸ್ಟಿಕ್ ಮುಚ್ಚಳವಿರಲಿ. ಸಿಕ್ಕ ಊರು, ತಾರೀಕು ಬರೆದ ಚೀಟಿಯೂ ಒಳಗಿರಲಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಹರಡುತ್ತದೆ.