ರಾಜೀನಾಮೆ ಬರೆಯುವ ಮುಂಚೆ

ತಂಗಿ, ನಿನ್ನ ಪತ್ರ ಓದಿದೆ. ನಿನ್ನ ಯಜಮಾನರು ಎಚ್-1ಬಿ ಎನ್ನುವ ಕೆಲಸದ ವೀಸಾ ಮೇಲೆ ಅಮೆರಿಕದ ಸ್ಯಾನ್ ಹೋಸೆಗೆ ಬಂದು ಕೆಲಸಕ್ಕೆ ಸೇರಿದ್ದಾರೆ. ನೀನು ಶಿವಮೊಗ್ಗದ ಕಾಲೇಜು ಕೆಲಸ ಬಿಟ್ಟು ಹೊರಡಬೇಕಾ ಎಂದು ಕೇಳಿದ್ದೀಯ. ಬಾಡಿಗೆ, ಸ್ಕೂಲಿನ ಬಗ್ಗೆಯೂ ಕೇಳಿದ್ದೀಯ. ಜೊತೆಗೆ, ಅಲ್ಲಿನ ಎಂಪಿ ಝೋ ಲಾಫ್‌ಗ್ರೆನ್ ನಮ್ಮವರ ಪರ ಇದ್ದಾರಂತೆ, ಕಾನೂನು ಬದಲಾಗಿ ಇಲ್ಲೇ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಬೇಗ ಸಿಗುತ್ತಂತೆ, ನಿಜಾನಾ ಅಕ್ಕ, ಅಂತ.

ನಾನು 2008ರಲ್ಲಿ ಇಲ್ಲಿಗೆ ಬಂದಾಗ ಕೇಳಿದ್ದೂ ಇದೇ ಮಾತು. ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋದ ಮನೆಯಲ್ಲಿ ಎಲ್ಲರೂ ಸಮಾಧಾನ ಹೇಳಿದ್ದರು: ಇನ್ನೆರಡು ವರ್ಷ, ಎಲ್ಲ ಸರಿಹೋಗುತ್ತೆ.

ಬಾಡಿಗೆ ಜಾಸ್ತಿ, ಅದಕ್ಕೆ ಉಪಾಯವಿಲ್ಲ. ಸರ್ಕಾರಿ ಸ್ಕೂಲು ಚೆನ್ನಾಗಿವೆ, ಮನೆ ಇರುವ ವಿಳಾಸದ ಮೇಲೆ ಸೀಟು ಸಿಗುತ್ತದೆ. ಅಷ್ಟು ಸಾಕು, ಉಳಿದದ್ದು ಬಂದ ಮೇಲೆ ತಿಳಿಯುತ್ತದೆ.

ಲಾಫ್‌ಗ್ರೆನ್ ವಿಷಯಕ್ಕೆ ಬರುತ್ತೇನೆ. 1995ರಿಂದ ಅವರು ಅಮೆರಿಕದ ಕೆಳಮನೆಯಲ್ಲಿದ್ದಾರೆ. ಅಪ್ಪ ಲಾರಿ ಓಡಿಸುತ್ತಿದ್ದರು. ರಾಜಕೀಯಕ್ಕೆ ಬರುವ ಮುಂಚೆ ಇವರು ವಲಸೆ ಕಾನೂನಿನ ವಕೀಲರು, ಅದನ್ನೇ ಪಾಠ ಮಾಡಿದವರು ಕೂಡ. ಅವರ ಮೇಲೆ ನನಗೆ ನಿಜವಾದ ಗೌರವವಿದೆ. ಆದರೆ "ನಮ್ಮವರ ಪರ" ಎಂದು ಒಂದೇ ಮಾತಲ್ಲಿ ಹೇಳಿದರೆ ಅವರ ನಿಲುವು ಅರ್ಥವಾಗುವುದಿಲ್ಲ. 2011ರಲ್ಲಿ ಸಂಸತ್ತಿನ ಒಂದು ವಿಚಾರಣೆಯಲ್ಲಿ ಅವರು ಲೆಕ್ಕ ಮುಂದಿಟ್ಟರು: ತನ್ನ ಕ್ಷೇತ್ರದಲ್ಲಿ ಸಿಸ್ಟಮ್ಸ್ ಅನಲಿಸ್ಟ್‌ನ ಸರಾಸರಿ ಸಂಬಳ 92,000 ಡಾಲರ್, ಎಚ್-1ಬಿಯವರಿಗೆ 52,000 ಕೊಟ್ಟರೂ ಕಾನೂನು ಒಪ್ಪುತ್ತದೆ, ಇದು ಸರಿಯಲ್ಲ ಎಂದು. 2017ರಲ್ಲಿ ಹೆಚ್ಚು ಸಂಬಳ ಕೊಡುವ ಕಂಪನಿಗೇ ವೀಸಾದಲ್ಲಿ ಮೊದಲ ಆದ್ಯತೆ ಎನ್ನುವ ಬಿಲ್ ತಂದರು. ಆ ಸುದ್ದಿಗೆ ನಮ್ಮ ಬೆಂಗಳೂರಿನ ಐಟಿ ಕಂಪನಿಗಳ ಷೇರು ಬಿದ್ದವು. ಕೆಲಸಕ್ಕೆ ಬಂದವನಿಗೆ ಸರಿಯಾದ ಸಂಬಳ ಕೊಡಿ, ಇಲ್ಲೇ ನೆಲೆಸಲೂ ಬಿಡಿ ಎನ್ನುವುದು ಅವರ ವಾದ. ನನಗೆ ಅದು ನ್ಯಾಯವಾಗಿ ಕಾಣುತ್ತದೆ.

ಗ್ರೀನ್ ಕಾರ್ಡಿನ ತೊಡಕು ಇಷ್ಟೇ. ಕೆಲಸದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಕಾರ್ಡು, ಹೆಂಡತಿ ಮಕ್ಕಳನ್ನೂ ಸೇರಿಸಿ. ಒಂದು ದೇಶಕ್ಕೆ ಸಾಮಾನ್ಯವಾಗಿ ಶೇಕಡಾ 7ರ ಮಿತಿ. ಭಾರತಕ್ಕೂ ಐಸ್‌ಲ್ಯಾಂಡಿಗೂ ಒಂದೇ ಅಳತೆ, ಹಾಗಾಗಿ ನಮ್ಮವರ ಸಾಲು ಬಲು ಉದ್ದ. ಈ ಮಿತಿ ತೆಗೆಯುವ ಬಿಲ್ಲನ್ನು ಲಾಫ್‌ಗ್ರೆನ್ 2019ರಲ್ಲಿ ತಂದಾಗ ಕೆಳಮನೆ 365–65 ಮತಗಳಿಂದ ಒಪ್ಪಿತು. ಅವತ್ತು ನಮ್ಮ ಬೀದಿಯಲ್ಲಿ ಸಿಹಿ ಹಂಚಿದರು. 2020ರ ಡಿಸೆಂಬರಿನಲ್ಲಿ ಮೇಲ್ಮನೆ ಸೆನೆಟ್ ಒಪ್ಪಿದ್ದು ಬೇರೆ ರೂಪದ್ದನ್ನು. ಎರಡನ್ನೂ ಹೊಂದಿಸುವ ಮುಂಚೆ ಆ ಸಂಸತ್ತಿನ ಅವಧಿಯೇ ಮುಗಿಯಿತು, ಬಿಲ್ಲೂ ಬಿದ್ದುಹೋಯಿತು. ಮತ್ತೆ ತಂದರು. 2022ರ ಡಿಸೆಂಬರಿನಲ್ಲಿ ಮತಕ್ಕೆ ಹಾಕುವ ಮೊದಲೇ ಹಿಂದಕ್ಕೆ ಹೋಯಿತು. ಇಷ್ಟು ವರ್ಷದ ಅನುಭವ, ಇಷ್ಟು ಮತ, ಆದರೂ ಆಗಲಿಲ್ಲ. ಹಾಗಾಗಿ ಯಾವ ಬಿಲ್ಲನ್ನೂ ನಂಬಿ ಸಂಸಾರದ ಲೆಕ್ಕ ಹಾಕಬೇಡ.

ನಾನೂ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು. ಎಚ್-4, ಅಂದರೆ ಎಚ್-1ಬಿಯವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ ಮೇಲೆ ಬಂದವರು ಆಗ ದುಡಿಯುವಂತಿರಲಿಲ್ಲ. ಬೆಳಿಗ್ಗೆ ಇವರು ಆಫೀಸಿಗೆ, ಮಗು ಸ್ಕೂಲಿಗೆ ಹೋದ ಮೇಲೆ ಮನೆ ಭಣಭಣ. ಊರಿಂದ ಅಮ್ಮ ಫೋನ್ ಮಾಡಿ "ಏನ್ ಮಾಡ್ತಿದ್ದೀಯೇ" ಅಂದರೆ ಹೇಳಲು ಏನೂ ಇರುತ್ತಿರಲಿಲ್ಲ. ನನ್ನ ವಿದ್ಯಾರ್ಥಿಗಳು ಪಿಎಚ್‌ಡಿ ಮುಗಿಸಿದರು. ನಾನು ಲ್ಯಾಬಿನ ವಾಸನೆಯನ್ನೇ ಮರೆತೆ. 2015ರ ಮೇ ತಿಂಗಳಿಂದ ಎಚ್-4ನವರಲ್ಲಿ ಕೆಲವರಿಗೆ ದುಡಿಯಲು ಅನುಮತಿ ಸಿಕ್ಕಿತು. ಮುಂದೆ ಸರ್ಕಾರ ಅದನ್ನೂ ಕಿತ್ತುಕೊಳ್ಳಲು ಹೊರಟಾಗ ಲಾಫ್‌ಗ್ರೆನ್ ಮತ್ತು ಪಕ್ಕದ ಕ್ಷೇತ್ರದ ಆನಾ ಎಶೂ 2018ರಲ್ಲಿ ಅದನ್ನು ಉಳಿಸುವ ಬಿಲ್ ಮಂಡಿಸಿದರು. ಆ ಋಣ ನನಗಿದೆ. ಈಗ ನಾನು ಮತ್ತೆ ಮಕ್ಕಳಿಗೆ ಟೈಟ್ರೇಷನ್ ಕಲಿಸುತ್ತೇನೆ, ಹೆಮ್ಮೆಯಿಂದ. ಆದರೆ ನಡುವಿನ ಆ ವರ್ಷಗಳು ವಾಪಸ್ ಬರಲಿಲ್ಲ. ಇವತ್ತಿಗೂ ಅದು ಹೊಟ್ಟೆಯೊಳಗೆ ಉರಿಯುತ್ತದೆ.

ನಿನಗೆ ಆ ಅನುಮತಿ ಬೇಕಾದರೆ ಸಾಮಾನ್ಯವಾಗಿ ಯಜಮಾನರ ಐ-140, ಅಂದರೆ ಅವರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿರಬೇಕು. ಕಂಪನಿ ಅದನ್ನು ಯಾವಾಗ ಹಾಕುತ್ತದೆ ಎಂದು ಅವರು ಈಗಲೇ ಕೇಳಲಿ, ಬರವಣಿಗೆಯಲ್ಲಿ. ಸಂಕೋಚ ಬೇಡ.

ಇನ್ನೊಂದು. ವೋಟಿಲ್ಲದವರಿಗೂ ಎಂಪಿ ಕಚೇರಿ ಸಹಾಯ ಮಾಡುತ್ತದೆ. ಅರ್ಜಿ ಎಲ್ಲೋ ಸಿಕ್ಕಿಕೊಂಡರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಡಿ, ವಿಚಾರಿಸುತ್ತಾರೆ. ಸಾಲಿನಲ್ಲಿ ಮುಂದೆ ತರಲು ಅವರಿಂದ ಆಗದು. ಸ್ಯಾನ್ ಹೋಸೆಯೆಲ್ಲ ಲಾಫ್‌ಗ್ರೆನ್ ಕ್ಷೇತ್ರವಲ್ಲ, ಮನೆ ವಿಳಾಸ ಹಾಕಿ ನೋಡಿಕೊಳ್ಳಿ. ಅಭಿಮಾನದಿಂದ ಯಾರ ಚುನಾವಣೆಗೂ ದುಡ್ಡು ಕೊಡಬೇಡಿ, ಗ್ರೀನ್ ಕಾರ್ಡ್ ಇಲ್ಲದವರು ಕೊಡುವಂತಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರುತ್ತೀರಾ ಅಂತ ಕೇಳುತ್ತಾರೆ. ಅಲ್ಲಿ ನಾಗರಿಕ ಎಂದು ಗುರುತು ಹಾಕಿದರೆ ದೇಶ ಬಿಡಬೇಕಾದೀತು. ಹುಷಾರು.

ಈಗ ನಿನ್ನ ಕೆಲಸ. ರಾಜೀನಾಮೆ ಈಗಲೇ ಬೇಡ. ಸಂಬಳವಿಲ್ಲದ ರಜೆ ಸಿಗುತ್ತದಾ ಎಂದು ಪ್ರಿನ್ಸಿಪಾಲರನ್ನು ಕೇಳು. ಸಿಕ್ಕರೆ ಬಂದು ಇದ್ದು ನೋಡು. ಹೊರಡುವ ಮುಂಚೆ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್, ಕಾಲೇಜಿನಿಂದ ಅನುಭವ ಪತ್ರ ಸೀಲು ಹಾಕಿಸಿ ತೆಗೆದುಕೋ. ಇಲ್ಲಿಂದ ತರಿಸುವುದು ದೊಡ್ಡ ರಗಳೆ. ಪ್ರಿನ್ಸಿಪಾಲರು ಏನಂದರು ಅಂತ ಬರಿ.