ಆಡಿಷನ್‌ನಲ್ಲಿ ಮಕ್ಕಳ ದನಿ ಏಳ್ತಿಲ್ಲ ಅಂದ್ರೆ ಮೊದ್ಲು ಶ್ರುತಿ ನೋಡಿ
ಮಕ್ಕಳ ನಾಟಕದ ಹಾಡುಗಳಿಗೆ ಆಡಿಷನ್ ಹೇಗೆ ಮಾಡೋದು ಅಂತ ಕೇಳಿದ್ದೀರಿ. ಆಟ ಆಡುವಾಗ ಜೋರಾಗಿ ಹಾಡ್ಕೊಳ್ಳೋ ಮಕ್ಕಳೇ ಆಡಿಷನ್‌ಗೆ ನಿಂತ್ರೆ ಕೆಳಗಿನ ಸ್ವರದಲ್ಲಿ ಗೊಣಗ್ತಾರೆ, ಮೇಲಕ್ಕೆ ಹೋದ್ರೆ ಕಿರುಚ್ತಾರೆ ಅಂದಿದ್ದೀರಲ್ಲ, ಬಹುಶಃ ಹಾರ್ಮೋನಿಯಂ ಮೇಷ್ಟ್ರು ತಮ್ಮ ದನಿಗೆ ಹೊಂದೋ ಶ್ರುತಿಯಲ್ಲೇ (ಹಾಡಿನ ಆಧಾರ ಸ್ವರದ ಎತ್ತರ) ಹಾಡಿಸ್ತಿದ್ದಾರೆ. ಯಾವ ಶ್ರುತಿ ಅಂತ ನೀವು ಬರೆದಿಲ್ಲ, ಹಾಗಾಗಿ ಇದು ಊಹೆ. ಗಂಡಸರಿಗೆ ಒಂದು ಮನೆ ಶ್ರುತಿ (ಹಾರ್ಮೋನಿಯಂನ C) ಸರಿಹೋಗುತ್ತೆ, 8-12 ವಯಸ್ಸಿನವ್ರಿಗೆ ಸಾಮಾನ್ಯವಾಗಿ 5 (G) ಅಥವಾ 5½ (G#) ಬೇಕು.

ಮೊದ್ಲು ಹಾರ್ಮೋನಿಯಂ ಮುಚ್ಚಿಡಿ. ಮಗು ತನಗಿಷ್ಟವಾದ ಹಾಡಿನ ಎರಡು ಸಾಲು ಹಾಡ್ಲಿ, ಅದು ಹಿಡಿದ ಷಡ್ಜಕ್ಕೆ, ಅಂದ್ರೆ 'ಸ' ಸ್ವರಕ್ಕೆ, ಮೇಷ್ಟ್ರು ಬರ್ಲಿ. ಆಮೇಲೆ ನಾಟಕದ ನಾಲ್ಕು ಸಾಲು ಎಲ್ರಿಗೂ ಒಟ್ಟಿಗೆ ಕಲಿಸಿ, ಮೂರು ಮೂರು ಜನರನ್ನ ನಿಲ್ಲಿಸಿ ಹಾಡಿಸಿ, ಒಂಟಿಯಾಗಿ ಹಾಡಿಸೋದು ಕೊನೆಗೆ. ಆಗ ನೀವು ಹಾಲ್‌ನ ಕೊನೇ ಸಾಲಲ್ಲಿ ಕೂತ್ಕೊಳ್ಳಿ, ಮೈಕ್ ಬೇಡವೇ ಬೇಡ, ಅಲ್ಲಿಗೆ ಮಾತು ಬಿಡಿಬಿಡಿಯಾಗಿ ಕೇಳಿಸ್ಬೇಕು, ನನ್ನ ಪ್ರಕಾರ ಗಮಕಕ್ಕಿಂತ (ಸ್ವರವನ್ನ ಬಳುಕಿಸಿ ಹಾಡೋದು) ಇದೇ ಮುಖ್ಯ. ಅದೇ ಸಾಲನ್ನ ನಡೀತಾ, ಕುಣೀತಾ ಇನ್ನೊಂದ್ಸಲ ಹಾಡಿಸಿ, ಉಸಿರು ಎಲ್ಲಿ ಕಡಿಯುತ್ತೆ ಅಂತ ಗೊತ್ತಾಗುತ್ತೆ. ತಪ್ಪಿದ ಮಗುವಿಗೆ ಆ ಸ್ವರ ನೀವೇ ಹಾಡಿ ತೋರ್ಸಿ ಮತ್ತೆ ಅವಕಾಶ ಕೊಡಿ, ತಿದ್ಕೊಂಡ್ರೆ ಆ ಮಗು ಖಂಡಿತ ಕಲಿಯುತ್ತೆ.

ದನಿ ಒಡೀತಿರೋ ಹುಡುಗ್ರಿದ್ರೆ ಒತ್ತಾಯ ಮಾಡ್ಬೇಡಿ, ಮಾತಿನ ಪಾತ್ರ ಕೊಡಿ. ಒಂಟಿ ಹಾಡು ಸಿಗದೆ ಉಳಿದವ್ರೆಲ್ಲ ಮೇಳದಲ್ಲಿ, ಅಂದ್ರೆ ಗುಂಪಲ್ಲಿ ಹಾಡೋರ ಜೊತೆ, ಇರ್ತಾರೆ ಅಂತ ಆಡಿಷನ್ ಶುರುವಾಗೋ ಮುಂಚೆನೇ ಹೇಳ್ಬಿಡಿ.